ಬಹಿಷ್ಕಾರದ ಹಾಳೆ ಸ್ಟಾಫ್ ರೂಮಿಗೆ ಬಂದಾಗ ಸೈನ್ ಹಾಕೋ ಮುಂಚೆ ಏನೇನು ನೋಡ್ಬೇಕು

ಹೊಸದಾಗಿ ಲೆಕ್ಚರರ್ ಆಗಿರೋ ನಮ್ಮ ಕೊಡಗಿನ ಹುಡುಗ್ರು ಹುಡುಗೀರು ಆಗಾಗ ಫೋನ್ ಮಾಡಿ ಕೇಳ್ತಾರೆ, ಸರ್ ಗ್ರೂಪಲ್ಲಿ ಒಂದು ಸ್ಟೇಟ್‌ಮೆಂಟ್ ಓಡಾಡ್ತಿದೆ, ಎಲ್ರೂ ಹೆಸ್ರು ಹಾಕ್ತಿದಾರೆ, ನಾನೂ ಹಾಕ್ಲಾ ಬೇಡ್ವಾ ಅಂತ. ಹಾಕು ಬೇಡ ಅಂತ ನಾನು ಹೇಳಲ್ಲ. ಹೇಗೆ ನೋಡ್ಬೇಕು ಅನ್ನೋದು ಮಾತ್ರ ಹೇಳ್ತೀನಿ.

ಮೊದ್ಲು ಪೂರ್ತಿ ಓದಿ. ನಗ್ಬೇಡಿ, ನಾನು ಓದಿರ್ಲಿಲ್ಲ. ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ರು ಸೀನಿಯರ್ ಸರ್ ಕಾಫಿ ಕುಡೀತಾ ಎರಡನೇ ಪುಟ ಮಾತ್ರ ಮುಂದಿಟ್ರು, ಬರೀ ಹೆಸ್ರು ಸಹಿ ಇರೋ ಪುಟ, ಸಂಬಳದ ವಿಷ್ಯ ಅಂದ್ರು, ನಾನು ಪೆನ್ ತೆಗೆದೆ. ಮೊದಲ ಪುಟದಲ್ಲಿ ಇದ್ದಿದ್ದು ಮೌಲ್ಯಮಾಪನ ಬಹಿಷ್ಕಾರ. ರಿಸಲ್ಟ್ ಲೇಟಾಯ್ತು, ನಮ್ಮ ಫೈನಲ್ ಇಯರ್ ಹುಡುಗಿ ಒಬ್ಳಿಗೆ ಪಿಜಿ ಅಡ್ಮಿಷನ್ ಡೇಟ್ ಮುಗಿದೇ ಹೋಯ್ತು, ಅವಳ ಅಪ್ಪ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರು, ಕಾಲೇಜಿಗೆ ಬಂದು ಯಾರನ್ನೂ ಬೈಲಿಲ್ಲ, ಸುಮ್ನೆ ಬೆಂಚ್ ಮೇಲೆ ಕೂತು ಹೋದ್ರು. ಅವತ್ತಿಂದ ಸೈನ್ ಹಾಕೋ ಮುಂಚೆ ಎಲ್ಲಾ ಪುಟದ ಫೋಟೋ ತೆಗೆದಿಟ್ಕೋತೀನಿ.

ಆಮೇಲೆ ನೋಡ್ಬೇಕಾದ್ದು ಬಹಿಷ್ಕಾರ ಯಾವುದಕ್ಕೆ ಅಂತ. ಕ್ಲಾಸಿಗಾ, ವ್ಯಾಲ್ಯುಯೇಷನ್ನಿಗಾ, ಮಂತ್ರಿ ಬರೋ ಫಂಕ್ಷನ್ನಿಗಾ, ಬೇರೆ ದೇಶದ ಯೂನಿವರ್ಸಿಟಿಗಾ, ಇಲ್ಲಾ ಒಬ್ಬ ಮನುಷ್ಯನಿಗಾ? ಇವೆಲ್ಲಾ ಒಂದೇ ಅಲ್ಲ. ಇಸ್ರೇಲಿನ ವಿಶ್ವವಿದ್ಯಾಲಯಗಳ ಬಹಿಷ್ಕಾರಕ್ಕೆ ಪ್ಯಾಲೆಸ್ಟೀನಿನ ಅಧ್ಯಾಪಕರು 2004ರಲ್ಲಿ ಕರೆ ಕೊಟ್ರಲ್ಲ, ಅವರ ನಿಯಮದಲ್ಲೇ ಇದೆ, ಬಹಿಷ್ಕಾರ ಸಂಸ್ಥೆಗೆ, ಆ ದೇಶದವ್ನು ಅನ್ನೋ ಒಂದೇ ಕಾರಣಕ್ಕೆ ಒಬ್ಬ ವ್ಯಕ್ತಿಗೆ ಅಲ್ಲ ಅಂತ. ಹೇಳೋದು ಸುಲಭ, ಸೆಮಿನಾರಿಗೆ ಯಾರನ್ನ ಕರೀಬೇಕು ಅಂತ ಲಿಸ್ಟ್ ಮಾಡೋಕೆ ಕೂತಾಗ ಆ ಗೆರೆ ಅಳಿಸಿ ಹೋಗುತ್ತೆ. ಅಮೆರಿಕದ ಪ್ರೊಫೆಸರ್‌ಗಳ ದೊಡ್ಡ ಸಂಘ ಎಎಯುಪಿ ಇಂಥ ಬಹಿಷ್ಕಾರನ ಸುಮಾರು 20 ವರ್ಷ ವಿರೋಧಿಸ್ಕೊಂಡೇ ಬಂದು 2024ರ ಆಗಸ್ಟಲ್ಲಿ ನಿಲುವು ಸಡಿಲ ಮಾಡ್ತು, ಸೇರೋದು ಬಿಡೋದು ಆಯಾ ಅಧ್ಯಾಪಕರ ಆಯ್ಕೆ, ಯಾರ ಮೇಲೂ ಒತ್ತಡ ಬೇಡ ಅಂತ. ಅಷ್ಟು ದೊಡ್ಡವರೇ ಮನಸ್ಸು ಬದಲಾಯಿಸ್ಕೊಂಡ್ರು ಅಂದ್ಮೇಲೆ ನೀವು ಒಂದು ದಿನ ಟೈಮ್ ಕೇಳಿದ್ರೆ ಯಾರೂ ಹೇಡಿ ಅನ್ನಲ್ಲ. ಅಂದ್ರೂ ಅನ್ಲಿ ಬಿಡಿ.

ನಿಮ್ಮ ಕೆಲ್ಸ ಯಾವ ತರದ್ದು ಅನ್ನೋದನ್ನೂ ಮರೀಬೇಡಿ. ಸರ್ಕಾರಿ ಕಾಲೇಜಲ್ಲಿ ಕಾಯಂ ಆಗಿದ್ರೆ 2021ರ ನಡತೆ ನಿಯಮ ಇದೆ, ಪಕ್ಷದ ಸದಸ್ಯತ್ವ, ಚುನಾವಣೆ ಪ್ರಚಾರ ಎರಡೂ ಇಲ್ಲ. ಶಾಂತಿಯುತವಾಗಿ ಪ್ರದರ್ಶನ ಮಾಡೋದನ್ನ ಸರ್ಕಾರಿ ನೌಕರರಿಗೆ ಪೂರ್ತಿ ನಿಷೇಧ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ, ಆದ್ರೆ ಮುಷ್ಕರ ಮೂಲಭೂತ ಹಕ್ಕಲ್ಲ ಅಂತ 2003ರಲ್ಲಿ ಇನ್ನೂ ಖಡಕ್ಕಾಗಿ ಹೇಳ್ತು. ಅಂದ್ರೆ ಕಪ್ಪು ಪಟ್ಟಿ ಕಟ್ಕೊಂಡು ಪಾಠ ಮಾಡೋದು ಬೇರೆ, ಕ್ಲಾಸೇ ಬಿಡೋದು ಬೇರೆ. ಪ್ರೈವೇಟಲ್ಲಿದ್ರೆ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ. ಅತಿಥಿ ಉಪನ್ಯಾಸಕರ ಕಥೆ ನಿಮಗೇ ಗೊತ್ತು, ಮುಂದಿನ ವರ್ಷ ಇರ್ತೀವಾ ಅನ್ನೋದೇ ಗ್ಯಾರಂಟಿ ಇಲ್ಲ, ಆದ್ರೂ 2023ರ ನವೆಂಬರಲ್ಲಿ ರಾಜ್ಯದ ತುಂಬಾ ತರಗತಿ ಬಹಿಷ್ಕಾರ ಮಾಡಿದ್ದು ಅವರೇ, ಕಾಯಂ ಮಾಡಿ ಅಂತ. ಕಳ್ಕೊಳ್ಳೋಕೆ ಜಾಸ್ತಿ ಇರೋರೇ ಮುಂದೆ ನಿಂತಿದ್ರು, ಕಾಯಂ ಇದ್ದ ನಮ್ಮಂಥವ್ರು ಬಾಗಿಲ ಹತ್ರ ನಿಂತು ಪಾಪ ಅಂತಿದ್ವಿ.

ಇನ್ನು ಮಕ್ಕಳು. ಕೊಡಗಲ್ಲಿ ಕ್ಯಾಲೆಂಡರ್ ನೋಡ್ದೆ ಕ್ಲಾಸ್ ಬಹಿಷ್ಕಾರಕ್ಕೆ ಒಪ್ಲೇಬೇಡಿ. ಜುಲೈಯಲ್ಲಿ ಮಳೆಗೆ ಡಿಸಿ ರಜೆ ಕೊಟ್ಟೂ ಕೊಟ್ಟೂ ಸಿಲಬಸ್ ಅರ್ಧಕ್ಕೇ ನಿಂತಿರುತ್ತೆ, ಜನವರಿಯಲ್ಲಿ ಕಾಫಿ ಕೊಯ್ಲು ಅಂತ ತೋಟದ ಕಾರ್ಮಿಕರ ಲೈನ್ ಮನೆ ಹುಡುಗ್ರು ಅವರಾಗೇ ಬರಲ್ಲ, ಮಧ್ಯದಲ್ಲಿ ನಿಮ್ಮದೊಂದು ವಾರ ಸೇರಿದ್ರೆ ಉಳಿಯೋದೇನು? 1920ರ ಅಸಹಕಾರದಲ್ಲಿ ಸರ್ಕಾರಿ ಕಾಲೇಜು ಬಿಡಿ ಅಂದವ್ರು ಅದೇ ವರ್ಷ ಗುಜರಾತ್ ವಿದ್ಯಾಪೀಠ, ಜಾಮಿಯಾ ಎರಡನ್ನೂ ಕಟ್ಟಿದ್ರು, ಬಿಟ್ಟು ಬಂದ ಹುಡುಗ್ರಿಗೆ ಹೋಗೋಕೆ ಒಂದು ಜಾಗ ಇತ್ತು. ನಿಮ್ಮ ಹಾಳೇಲಿ ಆ ಕ್ಲಾಸ್ ಯಾವಾಗ ತುಂಬಿ ಕೊಡ್ತೀವಿ ಅಂತ ಒಂದು ಸಾಲು ಇದ್ಯಾ ನೋಡಿ, ಇಲ್ದಿದ್ರೆ ಬರೆಸಿ. ಯಾವುದು ಈಡೇರಿದ್ರೆ ವಾಪಸ್ ತಗೋತೀವಿ ಅನ್ನೋದೂ ಇರ್ಲಿ. 2025ರ ಫೆಬ್ರವರಿಯಲ್ಲಿ ರಾಜ್ಯದ ಒಂಬತ್ತು ಯೂನಿವರ್ಸಿಟಿ ಮುಚ್ಚೋ ಮಾತು ಬಂದು ಅದ್ರಲ್ಲಿ ಚಿಕ್ಕ ಅಳುವಾರದ ನಮ್ಮ ಕೊಡಗು ಯೂನಿವರ್ಸಿಟಿನೂ ಸೇರಿತ್ತಲ್ಲ, ಆಗ ಮುಚ್ಬೇಡಿ ಅನ್ನೋದು ಒಂದೇ ಬೇಡಿಕೆ, ಯಾರಿಗೂ ಗೊಂದಲ ಇರ್ಲಿಲ್ಲ. ಹದಿನಾಲ್ಕು ಬೇಡಿಕೆ ಇರೋ ಪಟ್ಟಿ ಕಂಡ್ರೆ ನನಗೆ ಭಯ.

ಸೈನ್ ಹಾಕಿದ್ರಿ ಅಂತಿಟ್ಕೊಳ್ಳಿ. ಅದನ್ನ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಇಂಟರ್ನಲ್ಸ್ ಮಾರ್ಕ್ಸ್ ನಿಮ್ಮ ಕೈಲಿದೆ, ನೀವು ಬಾಯಲ್ಲಿ ಏನೂ ಹೇಳ್ದಿದ್ರೂ ಹುಡುಗ್ರು ಅದನ್ನ ಆರ್ಡರ್ ಅಂತಾನೇ ಓದೋದು. ಧರಣಿಗೆ ಯಾರ್ ಬಂದ್ರು ಯಾರ್ ಬರ್ಲಿಲ್ಲ ಅಂತ ಹೆಸ್ರು ಬರ್ಕೊಳ್ಳೋದಂತೂ ಬೇಡ್ವೇ ಬೇಡ. ಹುಡುಗ್ರು ತಾವಾಗೇ ಕೇಳಿದ್ರೆ ನಿಮ್ಮ ಅಭಿಪ್ರಾಯ ಹೇಳಿ, ಎದುರು ವಾದ ಏನು ಅನ್ನೋದನ್ನೂ ನೀವೇ ಹೇಳಿ, ಪಾಠಕ್ಕೆ ವಾಪಸ್ ಬನ್ನಿ.

ಹಾಕಲ್ಲ ಅಂತಾದ್ರೆ ಜ್ವರ, ಮನೇಲಿ ಪೂಜೆ ಅಂತೆಲ್ಲಾ ಕಥೆ ಕಟ್ಬೇಡಿ, ಮುಖ ನೋಡಿ ಹೇಳಿ. ಒಂದ್ಸಲ ಜುಲೈಯಲ್ಲಿ ಹಾಳೆ ತಂದವ್ರಿಗೆ ನಾನು ಹೇಳಿದ್ದು ಇಷ್ಟೇ, ಸರ್ ನಾನು ಸೈನ್ ಹಾಕಲ್ಲ, ಆದ್ರೆ ನೀವು ಬಿಟ್ಟ ಕ್ಲಾಸಿಗೆ ಪ್ರಿನ್ಸಿಪಾಲ್ರು ನನ್ನನ್ನ ಹೋಗು ಅಂದ್ರೆ ಅದಕ್ಕೂ ಹೋಗಲ್ಲ. ಎರಡು ತಿಂಗ್ಳು ಅವರು ನನ್ ಜೊತೆ ಮಾತು ಬಿಟ್ಟಿದ್ರು. ಸೆಪ್ಟೆಂಬರಲ್ಲಿ ಕೈಲ್‌ಪೋದ್ ಹಬ್ಬಕ್ಕೆ ಅವರೇ ಮನೆಗೆ ಕರೆದ್ರು, ಕಡಂಬುಟ್ಟು ಪಂದಿಕರಿ ಬಡಿಸ್ತಾ ಬಡಿಸ್ತಾ ಮತ್ತೆ ಅದೇ ವಿಷ್ಯ ತೆಗೆದ್ರು.