ಮಡಚಿ ತೆರೆದ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರುತ್ತಿಲ್ಲವೇ?

ರಾತ್ರಿ ಲ್ಯಾಪ್‌ಟಾಪ್ ಮಡಚಿಟ್ಟು ಬೆಳಿಗ್ಗೆ ತೆರೆದರೆ ವೈಫೈ ಗುರುತಿನ ಜಾಗದಲ್ಲಿ ಗೋಳದ ಚಿತ್ರ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಮರುದಿನ ಮತ್ತದೇ ಕತೆ. ಫೋನಿಗೆ ಅದೇ ವೈಫೈನಲ್ಲಿ ನೆಟ್ ಸಿಗುತ್ತಿದ್ದರೆ ರೂಟರ್ ಮುಟ್ಟಬೇಡಿ. ಸ್ಲೀಪ್‌ಗೆ ಹೋಗುವಾಗ ವಿಂಡೋಸ್ ಬ್ಯಾಟರಿ ಉಳಿಸಲು ವೈಫೈ ಚಿಪ್ಪನ್ನೂ ಮಲಗಿಸುತ್ತದೆ. ಆ ಚಿಪ್ಪನ್ನು ನಡೆಸುವ ತಂತ್ರಾಂಶವೇ ಡ್ರೈವರ್. ಅದರಲ್ಲಿ ದೋಷವಿದ್ದರೆ ಚಿಪ್ ಮತ್ತೆ ಏಳದೆ ಇರಬಹುದು.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ವೈಫೈ ಅಥವಾ ವೈರ್‌ಲೆಸ್ ಎಂದಿರುವ ಹೆಸರಿನ ಮೇಲೆ ಎರಡು ಸಲ ಕ್ಲಿಕ್ಕಿಸಿ. ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅನುಮತಿಯ ಟಿಕ್ ತೆಗೆಯಿರಿ. ‘ಮಾಡರ್ನ್ ಸ್ಟ್ಯಾಂಡ್‌ಬೈ’ (ಫೋನಿನಂತೆ ಅರೆ ಎಚ್ಚರದಲ್ಲೇ ಮಲಗುವ ವ್ಯವಸ್ಥೆ) ಇರುವ ಹೊಸ ಯಂತ್ರಗಳಲ್ಲಿ ಈ ಟ್ಯಾಬ್ ಸಾಮಾನ್ಯವಾಗಿ ಇರುವುದೇ ಇಲ್ಲ. ಹುಡುಕುತ್ತ ಕೂರದೆ ಮುಂದಕ್ಕೆ ಹೋಗಿ.

ಮುಂದಿನ ಹೆಜ್ಜೆ ಡ್ರೈವರ್ ಬದಲಿಸುವುದು. ಎಲ್ಲರೂ ಎಡವುವುದು ಇಲ್ಲೇ. ಪಕ್ಕದ ಮನೆಯ ಹುಡುಗಿ ಆನ್‌ಲೈನ್ ಸಂದರ್ಶನದ ಹಿಂದಿನ ರಾತ್ರಿ ಡ್ರೈವರ್ ಅಳಿಸಿಬಿಟ್ಟಳು. ಹೊಸದನ್ನು ಇಳಿಸಿಕೊಳ್ಳಲು ನೆಟ್ಟೇ ಇಲ್ಲ. ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ಅವುಚಿಕೊಂಡು ನಮ್ಮ ಬಾಗಿಲಿಗೆ ಬಂದವಳ ಕಣ್ಣಲ್ಲಿ ನೀರು. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಜೋಡಿಸಿ ಫೋನಿನ ನೆಟ್ಟನ್ನು ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡುವ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದೆ. ಅದಕ್ಕೆ ವೈಫೈ ಡ್ರೈವರ್ ಬೇಕಿಲ್ಲ.

ಆದ್ದರಿಂದ ಮೊದಲು ಫೈಲ್ ಕೈಗೆ ಬರಲಿ, ಅಳಿಸುವುದು ಆಮೇಲೆ. ಲ್ಯಾಪ್‌ಟಾಪ್ ತಳದಲ್ಲಿರುವ ಮಾಡೆಲ್ ಸಂಖ್ಯೆಯನ್ನು ತಯಾರಕರ ಸಪೋರ್ಟ್ ಪುಟದಲ್ಲಿ ಹಾಕಿ. ಅಲ್ಲಿ ಎರಡು ಮೂರು ವೈಫೈ ಡ್ರೈವರ್ ಕಂಡರೆ ಗಾಬರಿ ಬೇಡ, ಒಂದೇ ಮಾಡೆಲ್‌ಗೆ ಬೇರೆ ಬೇರೆ ಚಿಪ್ ಹಾಕಿರುತ್ತಾರೆ. ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಹೀಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಯಾವ ಹೆಸರಿದೆಯೋ ಅದನ್ನೇ ಇಳಿಸಿ ಡೆಸ್ಕ್‌ಟಾಪ್‌ನಲ್ಲಿಡಿ. ‘ಡ್ರೈವರ್ ಅಪ್‌ಡೇಟರ್’ ಎಂದು ಜಾಹೀರಾತು ಕೊಡುವ ಉಚಿತ ತಂತ್ರಾಂಶಗಳನ್ನು ಖಂಡಿತ ಹಾಕಿಕೊಳ್ಳಬೇಡಿ. ತಪ್ಪು ಡ್ರೈವರ್ ತುರುಕಿದ್ದನ್ನು ನಾನೇ ಕಂಡಿದ್ದೇನೆ.

ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕಾಟ ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಹೆಸರಿನ ಮೇಲೆ ಮತ್ತೆ ಎರಡು ಸಲ ಕ್ಲಿಕ್ಕಿಸಿ, ‘ಡ್ರೈವರ್’ ಟ್ಯಾಬ್‌ನ ‘ರೋಲ್ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಿ. ಆ ಬಟನ್ ಮಸುಕಾಗಿದ್ದರೆ ‘ಅನ್‌ಇನ್‌ಸ್ಟಾಲ್’ ಒತ್ತಿ. ಆಗ ಬರುವ ಪೆಟ್ಟಿಗೆಯಲ್ಲಿ ಡ್ರೈವರನ್ನೂ ತೆಗೆದುಹಾಕು ಎಂಬುದಕ್ಕೆ ಟಿಕ್ ಹಾಕಲೇಬೇಕು, ಇಲ್ಲದಿದ್ದರೆ ರೀಸ್ಟಾರ್ಟ್ ಆದೊಡನೆ ವಿಂಡೋಸ್ ಅದೇ ಹಾಳು ಡ್ರೈವರನ್ನು ತಂದು ಕೂರಿಸುತ್ತದೆ. ಆಮೇಲೆ ಇಳಿಸಿಟ್ಟ ಫೈಲ್ ಓಡಿಸಿ.

ಎರಡು ನಿಮಿಷ ಮಡಚಿ ತೆರೆದು ಸರಿಹೋಯಿತು ಅನ್ನಬೇಡಿ. ಒಂದು ರಾತ್ರಿ ಪೂರ್ತಿ, ಚಾರ್ಜರ್ ತೆಗೆದು ಮಲಗಿಸಿ ನೋಡಿ.