ಲೂರ್‌ಗೆ ಬಣ್ಣ ಹೊಡೆಯಲು ಏರ್‌ಬ್ರಷ್: ಗನ್ನಿಗಿಂತ ಮೊದಲು ಗಾಳಿ ನೋಡಿ

ಮಂಗಳೂರಿನ ಬೆಂಗ್ರೆ ಅಳಿವೆಬಾಗಿಲಲ್ಲಿ ಗಾಳ ಹಾಕುವ ಹುಡುಗರಲ್ಲಿ ಕೆಲವರು ಈಗ ಮರ ಕೆತ್ತಿ ಲೂರ್ (ಗಾಳಕ್ಕೆ ಕಟ್ಟುವ ನಕಲಿ ಮೀನು) ಕೂಡ ತಾವೇ ಮಾಡಿಕೊಳ್ಳುತ್ತಾರೆ. ಕೆತ್ತನೆಗೆ ಹೆಸರಿಡುವಂತಿಲ್ಲ. ಎಡವುವುದು ಬಣ್ಣದಲ್ಲಿ. ಇದ್ದ ದುಡ್ಡನ್ನೆಲ್ಲ ಏರ್‌ಬ್ರಷ್‌ಗೆ, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಗನ್ನಿಗೆ ಸುರಿದು, ತಿಂಗಳೊಳಗೆ ಅದನ್ನು ಅಟ್ಟಕ್ಕೆ ಹಾಕಿದ ನಾಲ್ಕು ಮಂದಿಯನ್ನು ನಾನೇ ಬಲ್ಲೆ.

ಹಂತ 1: ಗನ್ನಿನ ಬಗೆ

ಡ್ಯುಯಲ್ ಆ್ಯಕ್ಷನ್, ಮೇಲೆ ಬಟ್ಟಲು ಇರುವುದು. ಬೇರೆಯದು ನೋಡುವುದೇ ಬೇಡ. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಕೆಳಗೆ ಬಾಟಲಿ ತೂಗುವ ಗನ್ ಟಿ-ಶರ್ಟಿಗೆ, ಬೋರ್ಡಿಗೆ ಸರಿ. ಬೆರಳುದ್ದದ ಲೂರ್‌ಗೆ ಹತ್ತಿಪ್ಪತ್ತು ಹನಿ ಬಣ್ಣ ಸಾಕು.

ಹಂತ 2: ನಾಝಲ್

ನಾಝಲ್ ಅಂದರೆ ಬಣ್ಣ ಹೊರಬರುವ ಮೂತಿ. ಎಲ್ಲರಿಗೂ 0.2 ಮಿ.ಮೀ. ತೂತಿನ ಮೇಲೆ ಆಸೆ. ಸಣ್ಣ ಗೀಟು ಬರುತ್ತದೆ, ನಿಜ. ಆದರೆ ಬೂತಾಯಿ ಮೀನಿನ ಹೊಳಪಿಗೆ ಬೆಳ್ಳಿ ಬಣ್ಣ ಹಾಕಿದಿರೋ, ಅದರ ಹೊಳೆಯುವ ಪುಡಿ ಮೂತಿಯಲ್ಲೇ ಕೂತುಬಿಡುತ್ತದೆ. 0.3 ಅಥವಾ 0.35 ತೆಗೆದುಕೊಳ್ಳಿ. ಬಂಗುಡೆಯ ಬೆನ್ನಿನುದ್ದಕ್ಕೂ ಓಡುವ ಕಪ್ಪು ಗೀಟಿಗೆ ಅದು ಧಾರಾಳ. ತಳದ ಬಿಳಿಗೆ, ದಪ್ಪ ಹೊಳಪಿಗೆ 0.5 ಇದ್ದರೆ ಅನುಕೂಲ.

ಅಗ್ಗದ ಗನ್ನುಗಳಲ್ಲಿ ನಾಝಲ್ ಅಕ್ಕಿಕಾಳಿನಷ್ಟು, ಪುಟ್ಟ ಸ್ಪ್ಯಾನರಿನಿಂದ ತಿರುಗಿಸಬೇಕು. ಒಂದು ಸುತ್ತು ಹೆಚ್ಚು ಬಿಗಿದರೆ ತಿರುಪಿನ ಮರೆ ತುಂಡಾಗಿ ಒಳಗೇ ಉಳಿಯುತ್ತದೆ. ಇವಾಟಾ ಕಂಪನಿಯ ಎಕ್ಲಿಪ್ಸ್ ಗನ್ನಿನಂತೆ ಸುಮ್ಮನೆ ಕೂರಿಸುವ ನಾಝಲ್ ನನಗಿಷ್ಟ. ಯಾವುದೇ ಇರಲಿ, ನಾಝಲ್ ಮತ್ತು ಸೂಜಿ ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲೇ ಕೇಳಿ.

ಹಂತ 3: ಗಾಳಿ

ಮುಳುಗುವುದು ಇಲ್ಲೇ. ಕಳೆದ ಆಟಿ ತಿಂಗಳ ಮಳೆಯಲ್ಲಿ ಒಂದು ಬಂಗುಡೆ ಲೂರ್ ಮುಗಿಸುತ್ತಿದ್ದೆ. ಕೊನೆಯ ಗೀಟು ಬಾಕಿ. ಗನ್ ‘ಪುಸ್’ ಎಂದು ನೀರುಗುಳಿತು. ಎರಡು ದಿನದ ಕೆಲಸದ ಮೇಲೆ ಹೆಸರುಕಾಳಿನಷ್ಟು ಬೋಳು ಕಲೆ.

ನಮ್ಮೂರ ಗಾಳಿಯಲ್ಲೇ ನೀರುಂಟು. ಕಂಪ್ರೆಸರ್ ಅದನ್ನು ಹಿಂಡುವಾಗ ಬಿಸಿಯಾಗುತ್ತದೆ; ಆಮೇಲೆ ಪೈಪಿನಲ್ಲಿ ತಣಿಯುತ್ತ ಬಂದಂತೆ ಹನಿಗಟ್ಟುತ್ತದೆ. ಕಂಪ್ರೆಸರಿಗೇ ಅಂಟಿಕೊಂಡ ನೀರು ಹಿಡಿಯುವ ಬಟ್ಟಲು ಸ್ವಲ್ಪವೇ ಹಿಡಿದೀತು, ಅಲ್ಲಿ ಗಾಳಿ ಇನ್ನೂ ಬೆಚ್ಚಗಿರುತ್ತದಲ್ಲ. ಮೂರು ಮೀಟರ್ ಪೈಪ್ ಹಾಕಿ, ಗನ್ನಿನ ಬುಡಕ್ಕೆ ಇನ್ನೊಂದು ಪುಟ್ಟ ಬಟ್ಟಲು ಸಿಕ್ಕಿಸಿ. ದಿನದ ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ನೀರಿಳಿಸಿ. ಮಳೆಗಾಲದಲ್ಲಿ ಎಷ್ಟು ಇಳಿಯುತ್ತದೆಂದು ಒಮ್ಮೆ ನೋಡಿ ಮಾರಾಯ್ರೆ.

ಟ್ಯಾಂಕ್ ಇಲ್ಲದ ಕಂಪ್ರೆಸರ್ ಬೇಡ, ಗಾಳಿ ತೊದಲುತ್ತದೆ. 3 ಲೀಟರಿನದಾದರೆ ಸಾಕು. ಒತ್ತಡ 15ರಿಂದ 20 ಪಿಎಸ್‌ಐ ಇರಲಿ, ಆದರೆ ಗುಂಡಿ ಒತ್ತಿ ಹಿಡಿದೇ ಮುಳ್ಳು ನೋಡಿ. ಬಿಟ್ಟಾಗ ತೋರಿಸುವ ಅಂಕಿ ಯಾವಾಗಲೂ ಹೆಚ್ಚು. ಕಾರಿನ ಸ್ಟೆಪ್ನಿಯಿಂದ ಗಾಳಿ ಎಳೆಯುವ ಉಪಾಯ ಹಳೆಯದು. ನಡೆಯುತ್ತದೆ, ಆದರೆ ಒತ್ತಡ ಇಳಿಯುತ್ತ ಹೋಗಿ ಗೀಟು ಗೀಟಾಗಿ ಉಳಿಯುವುದಿಲ್ಲ. ಹಿಡಿಯಲ್ಲೇ ಬ್ಯಾಟರಿ ಕಂಪ್ರೆಸರ್ ಇರುವ ಚಾರ್ಜಿನ ಗನ್ನನ್ನೂ ತಂದು ನೋಡಿದೆ, ಕೊನೆಗೆ ಮಕ್ಕಳ ಆಟಕ್ಕೆ ಕೊಟ್ಟೆ.

ಹಂತ 4: ಬಣ್ಣ ಮತ್ತು ತೊಳೆಯುವುದು

ನೀರಿನಲ್ಲಿ ಕರಗುವ ಅಕ್ರಿಲಿಕ್ ತನ್ನಿ, ಹಾಲಿನ ಹದಕ್ಕೆ ತೆಳು ಮಾಡಿ, ನೈಲಾನ್ ಬಟ್ಟೆಯಲ್ಲಿ ಸೋಸಿ. ಹುರುಪೆಯ ನಕ್ಷೆಗೆ ಸಣ್ಣ ಕಣ್ಣಿನ ಬಲೆಯ ತುಂಡು ಸುತ್ತಿ ಹೊಡೆದರಾಯಿತು. ಮುಗಿದ ಮೇಲೆ ಸೂಜಿ ಹೊರಗೆಳೆದು ಒರೆಸಿ. ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ರಬ್ಬರ್ ಉಬ್ಬೀತು. ಮಾಸ್ಕ್ ಕಡ್ಡಾಯ.

ಬಣ್ಣದ ಮೇಲೆ ಬಳಿಯುವ ಎಪಾಕ್ಸಿಯನ್ನು (ಗಟ್ಟಿಯಾಗುವ ಪಾರದರ್ಶಕ ಲೇಪ) ಮಾತ್ರ ಗನ್ನಿಗೆ ಹಾಕಲೇಬೇಡಿ, ಒಳಗೇ ಕಲ್ಲಾಗುತ್ತದೆ. ಅದಕ್ಕೆ ಹತ್ತು ರೂಪಾಯಿಯ ಕುಂಚವೇ ಸಾಕು.