ಗೇರ್‌ಬಾಕ್ಸ್ ಇಳಿಸುವ ಮುನ್ನ: ಹಳೆಯ ಕಾರಿನ ಕ್ಲಚ್ ಜಾರುತ್ತಿದೆಯೇ ಎಂದು ಪರೀಕ್ಷಿಸುವ ಬಗೆ

ಹುಬ್ಬಳ್ಳಿ–ಧಾರವಾಡದ ಗ್ಯಾರೇಜುಗಳಿಗೆ ಹಳೆಯ ಕಾರು ತರುವವರು ಹೇಳುವ ದೂರೊಂದು ಬಹಳ ಪರಿಚಿತವಾದದ್ದು: ‘ರೇಸ್ ಕೊಟ್ರ ಸಪ್ಪಳ ಬರತೈತಿ, ಗಾಡಿ ಮಾತ್ರ ಮುಂದ ಹೋಗಂಗಿಲ್ಲ.’ ಈ ಮಾತಿನ ಮೊದಲ ಅರ್ಧ ನಿಜವಾಗಿದ್ದರೆ ಮಾತ್ರ ಕ್ಲಚ್ ಮೇಲೆ ಅನುಮಾನ ಪಡಬೇಕು. ಎಂಜಿನ್ನಿನ ಸಪ್ಪಳವೇ ಏರದೆ ಗಾಡಿ ಮಂಕಾಗಿ ಎಳೆಯುತ್ತಿದ್ದರೆ ತಪ್ಪು ಏರ್ ಫಿಲ್ಟರಿನಲ್ಲೋ, ಇಂಧನದ ಹಾದಿಯಲ್ಲೋ, ಚಕ್ರವನ್ನು ಬಿಡದೆ ಹಿಡಿದುಕೊಂಡಿರುವ ಬ್ರೇಕಿನಲ್ಲೋ ಇರುತ್ತದೆ. ಅಂಥ ಕಾರಿಗೆ ಹೊಸ ಕ್ಲಚ್ ಹಾಕಿಸಿದರೆ ಹಣ ಹೋಗುತ್ತದೆ, ದೋಷ ಉಳಿಯುತ್ತದೆ.

ಪರೀಕ್ಷೆಗೆ ಇಳಿಯುವ ಮೊದಲು ಕ್ಲಚ್ ಜಾರುವುದು ಯಾವಾಗ ಎಂಬುದು ಮನಸ್ಸಿನಲ್ಲಿರಬೇಕು. ಎಂಜಿನ್ನಿಗೆ ಬಿಗಿದ ಫ್ಲೈವೀಲ್ ಒಂದು ಕಡೆ, ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ, ಇವೆರಡರ ನಡುವೆ ಗೇರ್‌ಬಾಕ್ಸಿನ ಶಾಫ್ಟಿಗೆ ಸೇರಿದ ಕ್ಲಚ್ ಪ್ಲೇಟ್ ಇರುತ್ತದೆ. ಪೆಡಲ್ ಮೇಲೆ ಕಾಲಿಲ್ಲದಿರುವಾಗ ಡಯಾಫ್ರಮ್ ಸ್ಪ್ರಿಂಗ್ ಆ ಪ್ಲೇಟನ್ನು ಫ್ಲೈವೀಲಿಗೆ ಬಲವಾಗಿ ಅದುಮಿ ಹಿಡಿಯುವುದರಿಂದ ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪುತ್ತದೆ. ಪ್ಲೇಟಿನ ಲೈನಿಂಗ್, ಅಂದರೆ ಹಿಡಿತ ಕೊಡುವ ಅದರ ಹೊದಿಕೆ, ಸವೆದಾಗ, ಲೈನಿಂಗಿಗೆ ಎಣ್ಣೆ ತಗುಲಿದಾಗ, ಇಲ್ಲವೇ ಸ್ಪ್ರಿಂಗಿನ ಒತ್ತಡ ಪೂರ್ತಿಯಾಗಿ ಬೀಳದಿದ್ದಾಗ ಈ ಹಿಡಿತ ತಪ್ಪುತ್ತದೆ. ಮೊದಲ ಎರಡಕ್ಕೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಮೂರನೆಯದು ಮಾತ್ರ ಕೆಲವೊಮ್ಮೆ ಒಂದು ಸ್ಪ್ಯಾನರಿನಲ್ಲಿ ಸರಿಹೋಗುತ್ತದೆ. ಆದರೂ ಅದನ್ನು ನೋಡುವ ವ್ಯವಧಾನ ಕಡಿಮೆ ಜನರಿಗಿದೆ.

ಆದ್ದರಿಂದ ಪರೀಕ್ಷೆ ಪೆಡಲಿನಿಂದಲೇ ಆರಂಭವಾಗಲಿ. ಎಂಜಿನ್ ಬಂದ್ ಮಾಡಿ, ಕ್ಲಚ್ ಪೆಡಲನ್ನು ಕಾಲಿನ ಬದಲು ಕೈಯಿಂದ ಮೆಲ್ಲಗೆ ಒತ್ತಿರಿ. ನಿಜವಾದ ಬಿಗಿ ಸಿಗುವ ಮೊದಲು ಪೆಡಲ್ ಸ್ವಲ್ಪ ದೂರ ಸಡಿಲವಾಗಿ ಚಲಿಸಬೇಕು. ಇದನ್ನು ಫ್ರೀ ಪ್ಲೇ ಎನ್ನುತ್ತಾರೆ. ಮಾರುತಿ 800, ಹಳೆಯ ಆಲ್ಟೊ ಮುಂತಾದ ಕೇಬಲ್ ಕ್ಲಚ್ಚಿನ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಹೆಬ್ಬೆರಳಿನ ಅಗಲದಷ್ಟಿರುತ್ತದೆ, ಖಚಿತ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ಪ್ಲೇಟ್ ಸವೆಯುತ್ತ ಹೋದಂತೆ ಸ್ಪ್ರಿಂಗಿನ ಬೆರಳುಗಳು ಪೆಡಲ್ ಒತ್ತಿದಾಗ ಅವನ್ನು ತಳ್ಳುವ ರಿಲೀಸ್ ಬೇರಿಂಗಿನ ಕಡೆಗೆ ಸರಿಯುತ್ತವೆ, ಫ್ರೀ ಪ್ಲೇ ಕರಗುತ್ತದೆ. ಅದು ಪೂರ್ತಿ ಇಲ್ಲವಾದ ದಿನ, ಚಾಲಕ ಪೆಡಲನ್ನು ಮುಟ್ಟದಿದ್ದರೂ ಬೇರಿಂಗ್ ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ, ಅಂದರೆ ಕಾರು ಸದಾ ಹಾಫ್ ಕ್ಲಚ್ಚಿನಲ್ಲಿ ಓಡಿದಂತಾಗುತ್ತದೆ. ಹಾವೇರಿಯಲ್ಲಿ ನಮ್ಮ ಕಾಕಾ ಕೊಂಡ ಹಳೆಯ ಕಾರಿಗೆ ಒಂದು ಗ್ಯಾರೇಜಿನವರು ‘ಕ್ಲಚ್ ಸೆಟ್ ಹೋಗೈತಿ’ ಎಂದು ತೀರ್ಪು ಕೊಟ್ಟಾಗಿತ್ತು. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಕೇಬಲ್ಲಿನ ತುದಿಯ ನಟ್ಟನ್ನು ಕೆಲವು ಸುತ್ತು ಸಡಿಲಿಸಿದ ಮೇಲೆ ಅದೇ ಕ್ಲಚ್ಚಿನಲ್ಲಿ ಕಾರು ಒಂದು ವರ್ಷಕ್ಕೂ ಹೆಚ್ಚು ಓಡಿತು. ಎಲ್ಲ ಕಾರುಗಳಿಗೂ ಈ ಭಾಗ್ಯವಿರುವುದಿಲ್ಲ, ಆದರೆ ನೋಡುವುದಕ್ಕೆ ಖರ್ಚಂತೂ ಇಲ್ಲ.

ಕೇಬಲ್ಲಿನ ಬದಲು ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ಚಿನ ಕಾರುಗಳಲ್ಲಿ ಸವೆತಕ್ಕೆ ತಕ್ಕಂತೆ ಹೊಂದಾಣಿಕೆ ತಾನಾಗಿಯೇ ಆಗುವುದರಿಂದ ಪೆಡಲ್ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಅಲ್ಲಿ ಕಾಲ್ಬೆರಳನ್ನು ಪೆಡಲಿನ ಕೆಳಗೆ ತೂರಿಸಿ ಮೇಲಕ್ಕೆತ್ತಿ ನೋಡಬೇಕು. ಪೆಡಲ್ ಪೂರ್ತಿ ಹಿಂದಿರುಗದೆ ನಡುವೆ ನಿಂತಿದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಒತ್ತಡ ಉಳಿದುಕೊಂಡು ಕ್ಲಚ್ ಜಾರಬಹುದು. ಆಯಿಲ್ ಸೋರಿ ಕಡಿಮೆಯಾದದ್ದರಿಂದ ಕ್ಲಚ್ ಜಾರುತ್ತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಆಯಿಲ್ ಕಡಿಮೆಯಾದರೆ ಆಗುವುದು ಇದಕ್ಕೆ ವಿರುದ್ಧವಾದದ್ದು: ಕ್ಲಚ್ ಬಿಡುವುದಿಲ್ಲ, ಗೇರ್ ಹಾಕುವಾಗ ಕರಕರ ಎನ್ನುತ್ತದೆ.

ಎರಡನೆಯದು ರಸ್ತೆಯ ಪರೀಕ್ಷೆ. ಇದು ಬಹಳ ಮುಖ್ಯವಾದದ್ದು, ಆದ್ದರಿಂದ ಇಲ್ಲಿ ಅವಸರ ಬೇಡ. ಕ್ಲಚ್ ತಣ್ಣಗಿರುವಾಗ ಚೆನ್ನಾಗಿ ಹಿಡಿದು, ಕಾದ ಮೇಲೆ ಜಾರುವುದುಂಟು. ಮಾರುವವರ ಮನೆಯ ಮುಂದೆ ಐದು ನಿಮಿಷ ಓಡಿಸಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಯಾದರೂ ಊರೊಳಗೆ ಓಡಿಸಿ, ದುರ್ಗದ ಬೈಲಿನ ಸುತ್ತಲ ಇಕ್ಕಟ್ಟಿನಲ್ಲೋ ಚನ್ನಮ್ಮ ವೃತ್ತದ ದಟ್ಟಣೆಯಲ್ಲೋ ನಾಲ್ಕಾರು ಬಾರಿ ನಿಂತು ಹೊರಟ ಮೇಲೆ, ಸಂಚಾರ ಕಡಿಮೆ ಇರುವ ಏರು ರಸ್ತೆಗೆ ತನ್ನಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟದ ಏರು, ಧಾರವಾಡದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ರಸ್ತೆ ಸಾಕು. ಆದರೆ ವಾಯುವಿಹಾರಕ್ಕೆ ಬರುವವರಿರುವ ಹೊತ್ತನ್ನು ಬಿಟ್ಟು ಹೋಗಬೇಕು. ಗದಗಿನ ಬಯಲಿನಲ್ಲಿ ಏರು ಸಿಗದಿದ್ದರೆ ಕಾರಿನಲ್ಲಿ ನಾಲ್ಕು ಜನರನ್ನು ಕೂಡಿಸಿಕೊಳ್ಳಿ, ಭಾರವೇ ಏರಿನ ಕೆಲಸ ಮಾಡುತ್ತದೆ.

ಅಲ್ಲಿ ನಾಲ್ಕನೆಯ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ಆಸುಪಾಸಿನ ವೇಗದಲ್ಲಿ ಸಾಗುತ್ತ ಎಕ್ಸಲರೇಟರನ್ನು ಪೂರ್ತಿಯಾಗಿ ಒತ್ತಿರಿ. ಕ್ಲಚ್ ಸರಿಯಿದ್ದರೆ ಎಂಜಿನ್ ಒಂದಿಷ್ಟು ಗೊಣಗಿ, ಸಪ್ಪಳವೂ ವೇಗವೂ ಜೊತೆಜೊತೆಯಾಗಿ ಏರುತ್ತವೆ. ಜಾರುತ್ತಿದ್ದರೆ ಸಪ್ಪಳ ಥಟ್ಟನೆ ಮೇಲೇರಿ, ವೇಗದ ಮುಳ್ಳು ಇದ್ದಲ್ಲೇ ಉಳಿಯುತ್ತದೆ. ಇದರ ಹಿಂದೆ ಸರಳ ಲೆಕ್ಕವಿದೆ: ಒಂದೇ ಗೇರಿನಲ್ಲಿರುವವರೆಗೆ ಎಂಜಿನ್ನಿನ ಸುತ್ತಿಗೂ ಕಾರಿನ ವೇಗಕ್ಕೂ ಇರುವ ಅನುಪಾತ ಬದಲಾಗುವಂತಿಲ್ಲ. ನಾಲ್ಕನೆಯ ಗೇರಿನಲ್ಲಿ 50 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 2000 ಸುತ್ತು ತೋರಿಸುವ ಕಾರು 60 ಕಿ.ಮೀ.ಗೆ 2400 ತೋರಿಸಲೇಬೇಕು. 52 ಕಿ.ಮೀ. ವೇಗದಲ್ಲೇ ಅದು 3000 ದಾಟಿದ್ದರೆ ನಡುವೆ ಏನೋ ಜಾರುತ್ತಿದೆ ಎಂಬುದರಲ್ಲಿ ಸಂಶಯವಿಲ್ಲ. ಸುತ್ತು ತೋರಿಸುವ ಮೀಟರ್ ಇಲ್ಲದ ಹಳೆಯ ಕಾರುಗಳಲ್ಲಿ ಕಿವಿಯನ್ನೇ ನಂಬಬೇಕು, ಒಮ್ಮೆ ಕೇಳಿದವರಿಗೆ ಅದು ಮರೆಯುವುದಿಲ್ಲ. ಡೀಸೆಲ್ ಟರ್ಬೊ ಕಾರುಗಳಲ್ಲಿ ಮಾತ್ರ ಒಂದು ಎಚ್ಚರಿಕೆ: ಟರ್ಬೊ ಎಚ್ಚರಗೊಂಡಾಗ ಎಂಜಿನ್ ತಡವಾಗಿ ಎಳೆಯತೊಡಗುವುದು ಸಹಜ, ಆದರೆ ಆಗ ಸಪ್ಪಳದೊಂದಿಗೆ ವೇಗವೂ ಏರುತ್ತದೆ. ಕ್ಲಚ್ ಜಾರುವುದೂ ಬಹಳಷ್ಟು ಸಲ ಆ ಟರ್ಬೊ ಎಳೆತದ ಹೊತ್ತಿಗೇ ಬಯಲಾಗುತ್ತದೆ.

ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಹ್ಯಾಂಡ್ ಬ್ರೇಕ್ ಪರೀಕ್ಷೆಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಗೌರವ ಸಲ್ಲುತ್ತಿದೆ ಎಂಬುದು ನನ್ನ ಅಭಿಪ್ರಾಯ. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಬ್ರೇಕ್ ಪೆಡಲನ್ನೂ ಒತ್ತಿ ಹಿಡಿದು, ಮೂರನೆಯ ಗೇರ್ ಹಾಕಿ ಕ್ಲಚ್ಚನ್ನು ಬಿಟ್ಟರೆ ಎಂಜಿನ್ ಕೂಡಲೇ ಬಂದ್ ಆಗಬೇಕು. ಬಂದ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಹೋಗಿದೆ ಎನ್ನಬಹುದು. ಬಂದ್ ಆಯಿತೆಂದ ಮಾತ್ರಕ್ಕೆ ಕ್ಲಚ್ ಗಟ್ಟಿಯಾಗಿದೆ ಎನ್ನಲಾಗದು, ಏಕೆಂದರೆ ಎಂಜಿನ್ ಆಗ ತೋರುವ ಬಲ ಏರಿನಲ್ಲಿ ತೋರುವ ಬಲಕ್ಕಿಂತ ಬಹಳ ಕಡಿಮೆ. ಈ ಪರೀಕ್ಷೆಯನ್ನು ಒಂದೇ ಬಾರಿ ಮಾಡಬೇಕು. ಮತ್ತೆ ಮತ್ತೆ ಮಾಡಿದರೆ ಚೆನ್ನಾಗಿದ್ದ ಪ್ಲೇಟೂ ಸುಡುತ್ತದೆ.

ಸುಟ್ಟ ವಾಸನೆಯ ವಿಷಯ ಬೇಗ ಮುಗಿಯುತ್ತದೆ. ಏರಿನಲ್ಲಿ ರಿವರ್ಸ್ ತೆಗೆದಾಗ ಒಮ್ಮೆ ಬಂದರೆ ಚಾಲಕನ ತಪ್ಪು, ಸಾಧಾರಣ ಓಟದಲ್ಲೂ ಬರುತ್ತಿದ್ದರೆ ಕ್ಲಚ್ಚಿನ ತಪ್ಪು.

ಕಾರಿನ ಪೂರ್ವಾಶ್ರಮವನ್ನು ವಿಚಾರಿಸುವುದು ಮಾತ್ರ ನಮ್ಮ ಭಾಗದಲ್ಲಿ ಬಹಳ ಉಪಯುಕ್ತ. ನೋಂದಣಿ ಸಂಖ್ಯೆ ಕೆಎ 25 ಇರಲಿ, 26, 27, 63 ಇರಲಿ, ಕಾರು ಊರೊಳಗೆ ಓಡಿದ್ದೋ ಹೊಲದ ದಾರಿಯಲ್ಲಿ ಓಡಿದ್ದೋ ಎಂಬುದು ಸಂಖ್ಯೆಯಿಂದ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು. ನವಲಗುಂದ, ರೋಣದ ಕಡೆಯ ಎರೆ ಮಣ್ಣಿನಲ್ಲಿ ಮಳೆಗಾಲದಲ್ಲಿ ಸಿಕ್ಕಿಬಿದ್ದ ಕಾರನ್ನು ಫಸ್ಟ್ ಗೇರ್, ರಿವರ್ಸ್ ಎಂದು ಹಾಫ್ ಕ್ಲಚ್ಚಿನಲ್ಲಿ ತೂಗಾಡಿಸಿ ಹೊರತೆಗೆಯುವ ಹತ್ತು ನಿಮಿಷಗಳು ಹೆದ್ದಾರಿಯ ಸಾವಿರಾರು ಕಿಲೋಮೀಟರುಗಳಿಗಿಂತ ಹೆಚ್ಚು ಲೈನಿಂಗ್ ತಿನ್ನುತ್ತವೆ. ಬೆಣ್ಣಿಹಳ್ಳ ಉಕ್ಕಿದಾಗ ನೀರಿನಲ್ಲಿ ಹಾಯ್ದ ಕಾರಿನ ಕ್ಲಚ್ ತೇವ ಆರುವವರೆಗೆ ಜಾರಿ ಆಮೇಲೆ ಸರಿಹೋಗುವುದೂ ಉಂಟು, ಅದನ್ನು ಸವೆತವೆಂದು ತಿಳಿಯಬಾರದು.

ಇಷ್ಟಾದ ಮೇಲೆ ಕಾರಿನ ಕೆಳಗೆ ಬಗ್ಗಿ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದ ತಳವನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಎಣ್ಣೆಯ ಹನಿ ತೂಗುತ್ತಿದ್ದರೆ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲೋ ಗೇರ್‌ಬಾಕ್ಸಿನ ಮುಂದಿನ ಸೀಲೋ ಸೋರುತ್ತಿರಬಹುದು. ಕಪ್ಪಾಗಿ ತೆಳುವಾಗಿದ್ದರೆ ಎಂಜಿನ್ ಆಯಿಲ್, ದಪ್ಪಗಿದ್ದು ಗಂಧಕದಂಥ ಕಟು ವಾಸನೆಯಿದ್ದರೆ ಗೇರ್ ಆಯಿಲ್. ಇಂಥ ಕಾರು ಕೊಳ್ಳುವವರು ಕ್ಲಚ್ಚಿನ ಜೊತೆಗೆ ಸೀಲಿನ ಖರ್ಚನ್ನೂ ಸೇರಿಸಿಯೇ ಬೆಲೆ ಕಟ್ಟಬೇಕು.

ಕೊನೆಗೆ ಗೇರ್‌ಬಾಕ್ಸ್ ಇಳಿಸಲೇಬೇಕಾಗಿ ಬಂದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಬೇರಿಂಗೊಂದನ್ನು ಉಳಿಸಿದರೆ ಅದು ಕೆಟ್ಟ ದಿನ ಗೇರ್‌ಬಾಕ್ಸ್ ಇಳಿಸುವ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಹಳೆಯ ಪ್ಲೇಟನ್ನು ಕೇಳಿ ಪಡೆಯಿರಿ. ಲೈನಿಂಗಿನ ಮೇಲ್ಮೈಯಿಂದ ರಿವೆಟ್ ತಲೆಯವರೆಗಿನ ಆಳ 0.3ರಿಂದ 0.5 ಮಿ.ಮೀ.ಗೆ ಇಳಿದಿದ್ದರೆ ಅದರ ಆಯಸ್ಸು ಮುಗಿದಿತ್ತು ಎಂದರ್ಥ. ಲೈನಿಂಗ್ ದಪ್ಪವಾಗಿಯೇ ಇದ್ದು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಕಾದು ಕೆಟ್ಟಿದೆ, ಆಗ ಫ್ಲೈವೀಲಿನ ಮೇಲೆ ನೀಲಿ ಕಲೆಗಳಿವೆಯೇ ಎಂದು ಜೋಡಿಸುವ ಮೊದಲೇ ನೋಡಬೇಕು. ಪ್ಲೇಟ್ ಎಣ್ಣೆಯಿಂದ ಒದ್ದೆಯಾಗಿದ್ದು, ಬಿಲ್ಲಿನಲ್ಲಿ ಆಯಿಲ್ ಸೀಲಿನ ಹೆಸರೇ ಇಲ್ಲದಿದ್ದರೆ, ಹಣ ಕೊಡುವ ಮೊದಲು ಸೀಲ್ ಹಾಕಿದ್ದಾರೆಯೇ ಎಂದು ವಿಚಾರಿಸಿ. ಹಾಕಿರದಿದ್ದರೆ ಕಾರನ್ನು ಗ್ಯಾರೇಜಿನಿಂದ ಹೊರತೆಗೆಯಬೇಡಿ.